ಕಪ್ಪಾದ ಉಂಗುರ

“ಕುರ್ಚಿ ಇಲ್ಲ ತಾಯಿ. ಇದ್ದದ್ದು ಒಂದೇ, ಅದರಲ್ಲಿ ನಾನು ಕೂತಿದ್ದೀನಿ. ಉಳಿದವೆಲ್ಲ ಒಳಗಿವೆ. ಬೀಗ ಹಾಕಿಸಿದ್ದು ನೀವೇ ಅಲ್ವಾ?” ಎಂದಳು ಗುಜರಿಯಮ್ಮ.

ಪತ್ತೆಕ್ಕ ನಿಂತೇ ಇದ್ದಳು. ಗಂಟೆಗಟ್ಟಲೆ ನಿಂತು ಕಾಯುವುದು ಅವಳ ಕಸುಬಿನಲ್ಲಿ ಹೊಸದೇನಲ್ಲ. ತಪ್ಪು ಮಾಡಿ ನಿಲ್ಲುವುದು ಮಾತ್ರ ಹೊಸದು, ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಗುಜರಿ ಅಂಗಡಿಯ ಗೇಟಿಗೆ ಪೊಲೀಸರು ಅಂಟಿಸಿದ್ದ ಕಾಗದ ಬಿಸಿಲಿಗೆ ಮುದುಡಿತ್ತು. ಸರಳುಗಳ ಸಂದಿಯಿಂದ ಒಳಗಿನ ರಾಶಿ ಕಾಣುತ್ತಿತ್ತು. ಹಳೆ ಮನೆಗಳಿಂದ ಕಿತ್ತು ತಂದ ಬಾಗಿಲು, ಕಿಟಕಿ ಚೌಕಟ್ಟು, ಸೊಟ್ಟಗಾದ ಕಂಬಿ, ಒಡೆಯದೆ ಉಳಿದ ಟೈಲ್ಸು. ಮೂಲೆಯಲ್ಲಿ ನೀಲಿ ಡ್ರಮ್ಮುಗಳ ಸಾಲು. ಇಷ್ಟು ರಾದ್ಧಾಂತಕ್ಕೆ ಕಾರಣ ಆ ಡ್ರಮ್ಮುಗಳೇ.

ಹೊಸ ಹೆರಿಗೆ ಆಸ್ಪತ್ರೆ ಕಟ್ಟುತ್ತಿರುವ ಜಾಗದಲ್ಲಿ, ಹಿಂದಿನ ಅಂಗಳದ ಚರಂಡಿ ಚೇಂಬರಿಗೆ ಇಳಿದ ಪ್ಲಂಬರ್ ಒಳಗೇ ಕುಸಿದು ಬಿದ್ದು ಇನ್ನೂ ಕಣ್ಣು ಬಿಟ್ಟಿಲ್ಲ. ಲಾರಿಯಲ್ಲಿ ತಂದ ಕೆಮಿಕಲ್ಲನ್ನು ಅಲ್ಲಿ ಸುರಿದವಳು ಗುಜರಿಯಮ್ಮ ಎಂದು ಪತ್ತೆಕ್ಕ ಕಳೆದ ವಾರ ಬೀದಿಯ ಜನರೆಲ್ಲರ ಎದುರು ಬೆರಳು ತೋರಿಸಿದ್ದಳು. ಇವತ್ತು ಬೆಳಿಗ್ಗೆ ಲ್ಯಾಬಿನಿಂದ ಫೋನು ಬಂತು. ಡ್ರಮ್ಮಿನಲ್ಲಿದ್ದದ್ದು ಸುಣ್ಣದ ನೀರಂತೆ. ಗೋಡೆಗೆ ಬಳಿಯುವ ಸುಣ್ಣದ ನೀರು. ಪೊಲೀಸರು ಗುಜರಿಯಮ್ಮನನ್ನು ಬಿಟ್ಟಿದ್ದರು, ಅಂಗಡಿಯ ಬೀಗ ಇನ್ನೂ ತೆಗೆದಿರಲಿಲ್ಲ.

“ನನ್ನಿಂದ ತಪ್ಪಾಯ್ತು,” ಎಂದಳು ಪತ್ತೆಕ್ಕ.

“ಕೇಳಿಸಲಿಲ್ಲ.”

“ತಪ್ಪಾಯ್ತು ಅಂದೆ.”

“ಅವತ್ತು ಹೀಗೆ ಪಿಸುಗುಟ್ಟಲಿಲ್ಲ ನೀವು. ಹಾಲಿನ ಅಂಗಡಿಯವರಿಗೂ ಕೇಳಿಸೋ ಹಾಗೆ ಹೇಳಿದ್ರಿ. ‘ಇವಳೇ’ ಅಂದ್ರಿ. ನನ್ನ ಸೊಸೆ ಅಲ್ಲೇ ನಿಂತಿದ್ಲು, ಗೊತ್ತಾ? ಪೊಲೀಸ್ ಜೀಪು ಹತ್ತುವಾಗ ನನ್ನ ಸೆರಗು ಸಿಕ್ಕಿಕೊಳ್ತು. ಅದನ್ನ ಬಿಡಿಸೋಕೆ ಒಬ್ಬರೂ ಬರಲಿಲ್ಲ.”

ಪತ್ತೆಕ್ಕನಿಗೆ ಆ ಸೆರಗು ನೆನಪಿತ್ತು. ತಾನೇ ಎರಡು ಹೆಜ್ಜೆ ಮುಂದೆ ಹೋಗಿ ಬಿಡಿಸಬಹುದಿತ್ತು. ಆಗ ಅವಳು ಪತ್ರಿಕೆಯವನಿಗೆ ತನ್ನ ಜಾಣತನವನ್ನು ವಿವರಿಸುತ್ತಿದ್ದಳು. ಈಗ ಅದನ್ನು ನೆನೆದರೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನ್ನಿಸುತ್ತಿತ್ತು.

“ಸಂಜೆಯೊಳಗೆ ಬೀಗ ತೆಗೆಸ್ತೀನಿ,” ಎಂದಳು.

“ಬೀಗ ಪೊಲೀಸರು ತೆಗೀತಾರೆ. ನೀವೊಂದು ಹೇಳಿ. ನನ್ನ ಡ್ರಮ್ಮಿನ ಮೇಲೆ ನಿಮಗೆ ಕಣ್ಣು ಬಿದ್ದದ್ದು ಹೇಗೆ?”

“ಒಂದು ಸುಳಿವು ಸಿಕ್ಕಿತ್ತು.”

“ಸುಳಿವು ಅದರ ಪಾಡಿಗೆ ಅದು ನಡಕೊಂಡು ಬಂತಾ? ಯಾರೋ ತಂದುಕೊಟ್ಟಿರಬೇಕಲ್ಲ.”

ಪತ್ತೆಕ್ಕ ಬಾಯಿ ತೆರೆದಳು. ಹೇಳಬೇಕಾದ ಹೆಸರು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ತಂದುಕೊಟ್ಟವನ ಮಾತನ್ನು ಅವಳು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂದು ಈ ಬಿಸಿಲಿನಲ್ಲಿ ಮೊದಲ ಬಾರಿ ಯೋಚನೆ ಬಂತು.

“ಹೋಗಿ ಬನ್ನಿ,” ಎಂದಳು ಗುಜರಿಯಮ್ಮ, ಮುಖ ತಿರುಗಿಸಿ. “ಅವತ್ತು ಎಷ್ಟು ಜನರೆದುರು ‘ಇವಳೇ’ ಅಂದ್ರೋ ಅಷ್ಟೇ ಜನರೆದುರು ‘ಇವಳಲ್ಲ’ ಅನ್ನಿ. ಆಗ ಕುರ್ಚಿ ಕೊಡ್ತೀನಿ. ಟೀನೂ ಕೊಡ್ತೀನಿ.”

*

ಪತ್ತೆಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮೆ ಕಂಪನಿಯಲ್ಲಿ ಕ್ಲೇಮುಗಳ ಸುಳ್ಳು ನಿಜ ಹುಡುಕಿಕೊಂಡಿದ್ದವಳು ಆ ಕೆಲಸ ಬಿಟ್ಟು ಸ್ವಂತಕ್ಕೆ ಪತ್ತೇದಾರಿಕೆ ಹಿಡಿದ ಮೇಲೆ ಊರು ದಯಪಾಲಿಸಿದ ಬಿರುದು ಅದು. ಮೊದಮೊದಲು ತಮಾಷೆಗೆ ಕರೆದರು, ಆಮೇಲೆ ಅಭ್ಯಾಸಕ್ಕೆ ಕರೆದರು. ಇವತ್ತು ಪ್ಲಂಬರ್ ಮಲಗಿರುವ ಆಸ್ಪತ್ರೆಯ ಬಾಗಿಲಲ್ಲಿ ವಾಚ್‌ಮನ್ “ನಮಸ್ಕಾರ ಪತ್ತೆಕ್ಕ” ಎಂದಾಗ ಅವಳಿಗೆ ಯಾರೋ ಅಣಕಿಸಿದಂತಾಯಿತು.

ಬೆಳಿಗ್ಗೆ ಮನೆಯಲ್ಲೂ ಅದೇ ಕತೆ. ಅಮ್ಮ ತನ್ನ ಬೆಳ್ಳಿ ಲೋಟವನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದಳು. “ನೋಡು, ನಿನ್ನೆ ತಾನೇ ತಿಕ್ಕಿದ್ದೆ. ಮತ್ತೆ ಮಸಿ ಬಳಿದ ಹಾಗಿದೆ. ಊರಿಗೆಲ್ಲ ಪತ್ತೇದಾರಿಕೆ ಮಾಡ್ತೀಯ, ಇದನ್ನೊಂದಿಷ್ಟು ಪತ್ತೆಮಾಡು.” ಲ್ಯಾಬಿನ ಫೋನು ಆಗಷ್ಟೇ ಇಟ್ಟಿದ್ದ ಪತ್ತೆಕ್ಕ ಸಿಡುಕಿದ್ದಳು. “ತಿಕ್ಕೋ ಪುಡಿ ಬದಲಾಯಿಸಮ್ಮ, ನನ್ನ ತಲೆ ತಿನ್ನಬೇಡ.” ಅಮ್ಮ ಲೋಟವನ್ನು ಸಿಂಕಿನ ಪಕ್ಕದ ಹಲಗೆಯ ಮೇಲೆ ಕುಕ್ಕಿದ್ದಳು. ತಿಂಡಿ ತಿನ್ನದೆ ಮಗಳು ಹೊರಟಿದ್ದಳು.

ಪ್ಲಂಬರ್‌ನ ಹೆಂಡತಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಯಾರದೋ ರವಿಕೆಗೆ ಹೆಮ್ಮಿಂಗ್ ಹಾಕುತ್ತಿದ್ದಳು. ಟೈಲರಿಂಗ್ ಅವಳ ಕಸುಬು. ಗಂಡ ಒಳಗೆ ನಳಿಗೆಗಳ ನಡುವೆ ಮಲಗಿದ್ದರೂ ಕೈ ಸುಮ್ಮನಿರುವಂತಿರಲಿಲ್ಲ. ಈ ಕೇಸು ಪತ್ತೆಕ್ಕನ ಕೈಗೆ ಬಂದದ್ದೇ ಅವಳಿಂದ.

“ಏನಾದ್ರೂ ಗೊತ್ತಾಯ್ತಾ ಮೇಡಂ?” ಎಂದಳು, ಎದ್ದು ನಿಲ್ಲುತ್ತಾ.

“ನಾನು ಹಿಡಿದುಕೊಟ್ಟದ್ದು ತಪ್ಪು ಮನುಷ್ಯರನ್ನ.” ಇದನ್ನಾದರೂ ಪಿಸುಗುಟ್ಟದೆ ಹೇಳಿದಳು ಪತ್ತೆಕ್ಕ.

ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. “ಹಾಗಾದ್ರೆ ಕಟ್ಟಡದ ಕಂಪನಿಯವರು ಹೇಳಿದ್ದೇ ಗಟ್ಟಿಯಾಗುತ್ತೆ. ಕುಡಿದು ಇಳಿದ, ಜಾರಿ ಬಿದ್ದ ಅಂತ. ಹಾಗಾದ್ರೆ ಇಲ್ಲಿನ ಖರ್ಚು ಅವರು ಕೊಡಲ್ಲ. ಕೊಡದೆ ಇದ್ರೆ ಇವರನ್ನ ಮನೆಗೆ ಕರಕೊಂಡು ಹೋಗಿ ಅಂತಾರೆ ಡಾಕ್ಟರು. ಇವರು ಕುಡಿಯೋರೇ ಅಲ್ಲ ಮೇಡಂ. ಅವತ್ತು ಬಟ್ಟೆ ಬಿಚ್ಚಿಕೊಟ್ಟಾಗ ಎಣ್ಣೆ ವಾಸನೆ ಇರಲಿಲ್ಲ. ಕೊಳೆತ ಮೊಟ್ಟೆ ವಾಸನೆ ಇತ್ತು.”

“ಮೊಟ್ಟೆ?”

“ಹೂಂ. ಚರಂಡಿದಿರಬೇಕು ಅಂದ್ಕೊಂಡೆ. ಇದೂ ನೋಡಿ.” ಅವಳು ಸೊಂಟದ ಚೀಲದಿಂದ ಒಂದು ಪೊಟ್ಟಣ ತೆಗೆದಳು. “ನರ್ಸಮ್ಮ ನಿನ್ನೆ ಕೊಟ್ರು. ಅವತ್ತು ಬೆಳಿಗ್ಗೇನೇ ಈ ಉಂಗುರಾನ ಹಲ್ಲುಪುಡಿ ಹಾಕಿ ಥಳಥಳ ಅನ್ನೋ ಹಾಗೆ ಉಜ್ಜಿಕೊಂಡು ಹೋಗಿದ್ರು. ಉಂಗುರದ ವಿಷಯದಲ್ಲಿ ಸ್ವಲ್ಪ ಶೋಕಿ ಇವರಿಗೆ.”

ಅಂಗೈ ಮೇಲೆ ಬಿದ್ದ ಬೆಳ್ಳಿ ಉಂಗುರ ಕಪ್ಪಗಿತ್ತು. ಕೊಳೆ ಕೂತ ಕಪ್ಪಲ್ಲ. ಪತ್ತೆಕ್ಕ ಉಗುರಿನಿಂದ ಕೆರೆದಳು, ಬೆರಳಿಗೆ ಏನೂ ಹತ್ತಲಿಲ್ಲ. ಬೆಳ್ಳಿಯೇ ಒಳಗಿನಿಂದ ಬಣ್ಣ ಬಿಟ್ಟಂತಿತ್ತು.

ಕೊಳೆತ ಮೊಟ್ಟೆಯ ವಾಸನೆ. ಕಪ್ಪಾದ ಬೆಳ್ಳಿ. ಇವೆರಡನ್ನೂ ಒಟ್ಟಿಗೆ ಅವಳು ಹಿಂದೆ ನೋಡಿದ್ದಳು. ವಿಮೆ ಕಂಪನಿಯ ಕಾಲದಲ್ಲಿ ಒಂದು ಬಡಾವಣೆಯ ಮನೆಗಳಲ್ಲೆಲ್ಲ ಏಸಿಗಳು ಕೆಟ್ಟು ಕೂತಿದ್ದವು. ಒಳಗಿನ ತಾಮ್ರದ ಕೊಳವೆಗಳು ಕಪ್ಪಾಗಿ ತೂತು ಬಿದ್ದಿದ್ದವು. ಅಗೆದು ನೋಡಿದರೆ ನೆಲದಡಿಯಲ್ಲಿ ಕಟ್ಟಡದ ಕಸ. ಅದರಲ್ಲೂ ಛಾವಣಿಗೆ ಹಾಕುವ ಜಿಪ್ಸಮ್ ಶೀಟಿನ ಚೂರು. ಮೇಲೆ ಒಣಗಿಕೊಂಡಿದ್ದಾಗ ಅದು ಸೀಮೆಸುಣ್ಣದಷ್ಟೇ ಪಾಪದ್ದು. ಮಣ್ಣಿನಡಿ ಹೂತು, ಗಾಳಿ ಆಡದೆ, ನೀರು ನಿಂತರೆ ಮಾತ್ರ ಹುಳ ಹುಪ್ಪಟೆಗಿಂತ ಸಣ್ಣ ಜೀವಿಗಳು ಅದನ್ನು ತಿಂದು ವಿಷದ ಗಾಳಿ ಬಿಡುತ್ತವೆ ಎಂದು ಅಂದಿನ ತಜ್ಞ ಹೇಳಿದ್ದ. ಸ್ವಲ್ಪ ಇದ್ದರೆ ಮೊಟ್ಟೆ ಕೊಳೆತ ನಾತ. ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಹೋಯಿತೆಂದು ಮನುಷ್ಯ ನಿಶ್ಚಿಂತೆಯಿಂದ ಇಳಿಯುತ್ತಾನೆ, ಬೀಳುತ್ತಾನೆ.

ಅಂದರೆ ಚೇಂಬರಿಗೆ ಯಾರೂ ಏನೂ ಸುರಿದಿರಲಿಲ್ಲ. ಸುತ್ತಲಿನ ಮಣ್ಣಿನಲ್ಲೇ ವಿಷ ಇತ್ತು. ಇಷ್ಟು ದಿನ ಅವಳು ಡ್ರಮ್ಮುಗಳನ್ನು ಮೂಸಿ ನೋಡುತ್ತಾ ತಿರುಗಿದ್ದಳು.

“ಇದು ನನ್ನ ಹತ್ತಿರ ಇರಲಿ. ನಿಮ್ಮ ಮನೆಯವರು ಕುಡಿದಿರಲಿಲ್ಲ ಅಂತ ಈ ಉಂಗುರವೇ ಹೇಳುತ್ತೆ,” ಎಂದಳು ಪತ್ತೆಕ್ಕ. ಉಂಗುರವನ್ನು ಪೊಟ್ಟಣಕ್ಕೆ ಹಾಕಿ, ಕೈಚೀಲದ ಒಳಜೇಬಿಗೆ ಸೇರಿಸಿದಳು.

ಆ ಹೆಣ್ಣುಮಗಳ ಕಣ್ಣು ತುಂಬಿತು. “ನಿಮ್ಮ ಮನೆಯವರೆಲ್ಲ ದೊಡ್ಡ ಮನಸ್ಸಿನವರು ಮೇಡಂ. ನಿಮ್ಮ ತಾಯಿ ನಿನ್ನೆ ಊಟ ಕಳಿಸಿದ್ರು. ಇವತ್ತು ನನ್ನ ಮೈದುನನಿಗೆ ಕೆಲಸಾನೂ ಕೊಟ್ಟಿದ್ದಾರೆ. ಅವನೂ ಪ್ಲಂಬರೇ. ಹಿತ್ತಲಲ್ಲಿ ಸಿಂಕಿನ ನೀರು ಕಟ್ಕೊಂಡಿದೆಯಂತೆ. ಅಣ್ಣ ಬಿದ್ದ ಮೇಲೆ ಯಾರೂ ಕರೆದಿರಲಿಲ್ಲ ಅವನನ್ನ, ಅಪಶಕುನ ಅಂತ.”

ಮನೆಯಲ್ಲಿ ಒಬ್ಬರಾದರೂ ಸರಿಯಾದ ಕೆಲಸ ಮಾಡುತ್ತಿದ್ದಾರಲ್ಲ ಎಂದು ಪತ್ತೆಕ್ಕನಿಗೆ ಒಂದಿಷ್ಟು ಸಮಾಧಾನವಾಯಿತು. ಸಂಜೆ ಅಮ್ಮನ ಹತ್ತಿರ ಕ್ಷಮೆ ಕೇಳಬೇಕು ಅಂದುಕೊಂಡಳು. ಕೇಳಬೇಕಾದ ಕ್ಷಮೆಗಳ ಸರದಿ ಉದ್ದವಾಗುತ್ತಿತ್ತು.

*

ಹೆರಿಗೆ ಆಸ್ಪತ್ರೆಯ ಸೈಟಿನ ಗೇಟಿನಲ್ಲೇ ದೊಡ್ಡದೊಂದು ಫಲಕ. ಹಸಿರು ಬಣ್ಣದಲ್ಲಿ ಬರೆದದ್ದು: ‘ಕಸವಿಲ್ಲದ ಕಟ್ಟಡ. ಇಲ್ಲಿಂದ ಒಂದು ಬುಟ್ಟಿ ಕಸವೂ ಹೊರಗೆ ಹೋಗಿಲ್ಲ.’

ಊರಾಚೆಯ ಕಸದ ಗುಡ್ಡ ತುಂಬುತ್ತಾ ಬಂದಂತೆ ಅಲ್ಲಿನ ಗೇಟಿನ ದರವೂ ಏರುತ್ತಾ ಹೋಗಿತ್ತು. ಒಂದು ಲಾರಿ ಒಡಕಲು ಸುರಿಯಲು ಕೊಡಬೇಕಾದ ದುಡ್ಡು ಕೇಳಿದರೆ ಕಟ್ಟಿಸುವವರು ಎದೆ ಹಿಡಿದುಕೊಳ್ಳುತ್ತಿದ್ದರು. ಕಳ್ಳತನದಲ್ಲಿ ಕೆರೆಗೆ, ರಸ್ತೆ ಬದಿಗೆ, ಯಾರದೋ ಖಾಲಿ ನಿವೇಶನಕ್ಕೆ ಸುರಿಯುವವರು ಹೆಚ್ಚಿದ್ದರು. ಅಂಥ ಹೊತ್ತಿನಲ್ಲಿ ಒಬ್ಬ ಇಂಜಿನಿಯರು ಕಸವನ್ನೇ ಹುಟ್ಟಿಸದೆ ಕಟ್ಟಿ ತೋರಿಸುತ್ತೇನೆ ಎಂದ. ಇಟ್ಟಿಗೆ ಚೂರು ಜಲ್ಲಿಯಾಯಿತು, ಹಲಗೆ ಮತ್ತೆ ಹಲಗೆಯಾಯಿತು, ಕಂಬಿಯ ತುಂಡು ಗುಜರಿಗೆ ಹೋಯಿತು. ಇಂಜಿನಿಯರಿಗೆ ಬಹುಮಾನ ಬಂತು.

ಆ ಇಂಜಿನಿಯರು ಪತ್ತೆಕ್ಕನ ತಮ್ಮ.

ಅಪ್ಪ ಹೋದ ಮೇಲೆ ಅವನನ್ನು ಓದಿಸಿದವಳು ಅವಳೇ. ಬಹುಮಾನದ ದಿನ ಚಪ್ಪಾಳೆ ತಟ್ಟಿ ಅಂಗೈಗಳು ಕೆಂಪಾಗಿದ್ದವು. ಆಮೇಲೆ ತಿಂಗಳುಗಟ್ಟಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಬಿಡದೆ ಹೇಳಿದ್ದಳು, ನನ್ನ ತಮ್ಮ, ನನ್ನ ತಮ್ಮ ಎಂದು.

ಫಲಕದ ಹಿಂದೆ, ಒಂದೊಂದು ಬಗೆಯ ಚೂರಿಗೆ ಒಂದೊಂದರಂತೆ ತೊಟ್ಟಿಗಳ ಸಾಲು. ನೋಡಲು ಬಂದವರಿಗೆಲ್ಲ ಮೊದಲು ತೋರಿಸುವುದು ಇವನ್ನೇ. ಪತ್ತೆಕ್ಕನೂ ಹತ್ತಾರು ಸಲ ನೋಡಿದ್ದಳು, ಹೆಮ್ಮೆಯಿಂದ ನೋಡಿದ್ದಳು. ಇವತ್ತು ಪತ್ತೇದಾರಳ ಕಣ್ಣಿನಿಂದ ನೋಡಿದಳು.

ಇಟ್ಟಿಗೆಯ ತೊಟ್ಟಿ ತಗ್ಗುಬಿದ್ದು ಬಳಲಿತ್ತು. ಮರದ ತೊಟ್ಟಿಯ ಒಳಮೈಯಲ್ಲಿ ಮೊಳೆ ಗೀರಿದ ಗೆರೆಗಳು. ಕಬ್ಬಿಣದ ತೊಟ್ಟಿಗೆ ತುಕ್ಕಿನ ಕಲೆ, ಟೈಲ್ಸಿನ ತೊಟ್ಟಿಯ ಅಂಚು ಮುಕ್ಕು. ಕೊನೆಯದರ ಮೇಲೆ ‘ಜಿಪ್ಸಮ್ ಶೀಟು’ ಎಂದು ಬರೆದಿತ್ತು. ಅದರ ಒಳಗೆ ಬಣ್ಣ ಇನ್ನೂ ಮಿರಿಮಿರಿ ಮಿಂಚುತ್ತಿತ್ತು. ಒಂದು ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಪತ್ತೆಕ್ಕ ಬೆರಳಿನಿಂದ ತಳ ಒರೆಸಿದಳು. ಬೆರಳಿಗೆ ಹತ್ತಿದ್ದು ರಸ್ತೆಯ ಕೆಂಪು ಧೂಳು. ಬಿಳಿ ಪುಡಿ ಚಿಟಿಕೆಯಷ್ಟೂ ಇರಲಿಲ್ಲ.

ಮೇಲಿನ ಮಹಡಿಯಲ್ಲಿ ಗರಗರ ಎಂದು ಶೀಟು ಕೊಯ್ಯುವ ಸದ್ದು ಕೇಳುತ್ತಿತ್ತು. ಕೊಯ್ದರೆ ಚೂರು ಬೀಳಲೇಬೇಕು. ಬಿದ್ದ ಚೂರು ಎಲ್ಲಾದರೂ ಹೋಗಲೇಬೇಕು.

ಬಹುಮಾನದ ದಿನ ಫೋಟೋದವನು ಅಕ್ಕ ತಮ್ಮ ಇಬ್ಬರನ್ನೂ ಈ ತೊಟ್ಟಿಯ ಮುಂದೆಯೇ ನಿಲ್ಲಿಸಿದ್ದ. ಎಲ್ಲಕ್ಕಿಂತ ಇದೇ ಚೆನ್ನಾಗಿದೆ, ಹೊಸದರಂತಿದೆ ಎಂದಿದ್ದ. ಫೋಟೋದವನ ಕಣ್ಣಿಗೆ ಕಂಡದ್ದು ಪತ್ತೇದಾರಳ ಕಣ್ಣಿಗೆ ಕಾಣಲಿಲ್ಲ. ಆ ಫೋಟೋ ಕಟ್ಟು ಹಾಕಿಸಿಕೊಂಡು ಮನೆಯ ಹಜಾರದಲ್ಲಿ ನೇತಾಡುತ್ತಿತ್ತು, ಪತ್ತೆಕ್ಕ ಅದರಲ್ಲಿ ಹಲ್ಲೆಲ್ಲ ಬಿಟ್ಟು ನಗುತ್ತಿದ್ದಳು.

*

“ಅಕ್ಕಾ! ಈ ಬಿಸಿಲಲ್ಲಿ ಯಾಕೆ ಬಂದೆ? ಊಟ ಆಯ್ತಾ?”

ತಗಡಿನ ಸೈಟ್ ಆಫೀಸಿನಲ್ಲಿ ತಮ್ಮ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಕೂದಲು ಹಣೆಗೆ ಅಂಟಿತ್ತು. ಫ್ಯಾನನ್ನು ಅವಳ ಕಡೆ ತಿರುಗಿಸಿದ. ಯಾವಾಗಲೂ ಹೀಗೇ, ಗಾಳಿ ಮೊದಲು ಅಕ್ಕನಿಗೆ.

“ಪುಟ್ಟ, ಛಾವಣಿ ಶೀಟಿನ ಚೂರೆಲ್ಲ ಎಲ್ಲಿಗೆ ಹೋಗುತ್ತೆ?”

“ಫ್ಯಾಕ್ಟರಿಗೆ ವಾಪಸ್ಸು. ಪುಡಿಮಾಡಿ ಹೊಸ ಶೀಟು ಮಾಡ್ತಾರೆ. ನಿನಗೆ ಎಷ್ಟು ಸಲ ಹೇಳಿದೀನಿ.”

“ತೊಟ್ಟಿಗೆ ತುಂಬಿಸಿ, ಅಲ್ಲಿಂದ ಲಾರಿಗೆ?”

“ಹೂಂ.”

“ಆ ತೊಟ್ಟಿಯಲ್ಲಿ ಜೇಡ ಸಂಸಾರ ಹೂಡಿದೆ ಕಣೋ. ಅದಕ್ಕೆ ತೊಂದರೆ ಆಗದ ಹಾಗೆ ಹೇಗೆ ತುಂಬಿಸ್ತೀಯ?”

ತಮ್ಮ ನಕ್ಕ. ನಗುತ್ತಲೇ ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

ಡಬ್ಬಿಯಿಂದ ಸಕ್ಕರೆ ಕದ್ದ ದಿನದಿಂದಲೂ ಸುಳ್ಳು ಹೇಳುವಾಗ ಅವನ ಕೈ ಹೋಗುವುದು ಅಲ್ಲಿಗೇ. ಆ ಕಿವಿಯನ್ನು ಅವಳೇ ಎಷ್ಟು ಸಲ ಹಿಂಡಿಲ್ಲ! ‘ಅಕ್ಕ, ಗುಜರಿಯವರ ಡ್ರಮ್ಮು ಒಂದು ಸಲ ನೋಡಬಾರದಾ’ ಎಂದು ಇವನು ಕಳೆದ ವಾರ ಇದೇ ಕುರ್ಚಿಯಲ್ಲಿ ಕೂತು ಹೇಳಿದಾಗ ಕೈ ಎಲ್ಲಿತ್ತು? ಅವಳು ನೋಡಿರಲಿಲ್ಲ. ಊರಿನವರ ಮುಖ, ಕೈ, ಕಾಲು, ಚಪ್ಪಲಿಯ ಸವಕಳಿ ಎಲ್ಲ ನೋಡುವವಳು ತಮ್ಮನ ಕಿವಿ ನೋಡಿರಲಿಲ್ಲ.

ಅವಳು ಪೊಟ್ಟಣ ಬಿಚ್ಚಿ ಉಂಗುರವನ್ನು ಹೆಲ್ಮೆಟ್ಟಿನ ಪಕ್ಕ ಇಟ್ಟಳು.

“ಯಾರದು?” ಎಂದ ತಮ್ಮ. ಕೇಳುವಾಗಲೇ ಉತ್ತರ ಗೊತ್ತಿದ್ದವನ ಧ್ವನಿ.

“ಕುಡಿದು ಬಿದ್ದ ಅಂತೀರಲ್ಲ, ಅವನದು. ಹೆಂಡ ಕುಡಿದರೆ ಬೆಳ್ಳಿ ಕಪ್ಪಾಗುತ್ತಾ? ಆ ಹಿಂದಿನ ಅಂಗಳ ಎತ್ತರಿಸೋಕೆ ಏನು ತುಂಬಿಸಿದೆ?”

“ಮಣ್ಣು.”

“ಕಿವಿ ಬಿಡು. ಬಿಟ್ಟು ಹೇಳು.”

ತಮ್ಮ ಕೈ ಕೆಳಗಿಳಿಸಿದ. ಎದ್ದು ಹೋಗಿ ಕಿಟಕಿಯ ಪರದೆ ಎಳೆದ. ಹೊರಗೆ ಕಲ್ಲು ಹೊರುತ್ತಿದ್ದವರು ಒಮ್ಮೆ ಇತ್ತ ನೋಡಿ ಮುಂದೆ ಹೋದರು. ಕತ್ತಲಾದ ಆಫೀಸಿನಲ್ಲಿ ಅವನು ಗೋಡೆಗೆ ಒರಗಿ ನಿಂತ.

“ಮೊದಲು ನಿಜವಾಗಿಯೂ ಕಸ ಇರಲಿಲ್ಲ ಅಕ್ಕ. ಒಂದೊಂದು ರೂಮಿನ ಅಳತೆಗೆ ಶೀಟು ಕೊಯ್ಸಿ ತರಿಸ್ತಿದ್ದೆ. ತಂದದ್ದು ತಂದ ಹಾಗೇ ಕೂರೋದು. ಚೂರೇ ಬೀಳ್ತಿರಲಿಲ್ಲ. ಬಹುಮಾನ ಬಂದದ್ದು ಅದಕ್ಕೇ, ಸುಳ್ಳಲ್ಲ ಅದು.”

“ಆಮೇಲೆ?”

“ಆಮೇಲೆ ಡಾಕ್ಟರುಗಳು ಬಂದರು. ಈ ಗೋಡೆ ಅತ್ತ ಸರಿಸಿ, ಆ ರೂಮು ದೊಡ್ಡದು ಮಾಡಿ ಅಂದ್ರು. ಅಳತೆಗೆ ಕೊಯ್ಸಿದ್ದ ಶೀಟೆಲ್ಲ ಯಾವುದಕ್ಕೂ ಬರಲಿಲ್ಲ. ಅಂಗಳದಲ್ಲಿ ಪೇರಿಸಿಟ್ಟಿದ್ದೆ, ಮಳೆಗೆ ನೆನೀತು. ನೆಂದದ್ದನ್ನ ಫ್ಯಾಕ್ಟರಿಯವರು ಮುಟ್ಟಲ್ಲ. ಗುಜರಿಯವರೂ ಮುಟ್ಟಲ್ಲ. ಉಳಿದದ್ದು ಕಸದ ಗುಡ್ಡ. ಅಲ್ಲಿನ ದರ ಆಗ ಮತ್ತೆ ಏರಿತ್ತು. ಕಂಪನಿಯ ಧಣಿಗಳನ್ನ ಕೇಳಿದೆ. ‘ಕಸ ಇಲ್ಲ ಅಂತ ಬಹುಮಾನ ತಗೊಂಡೆಯಲ್ಲಪ್ಪ, ಇಲ್ಲದ ಕಸಕ್ಕೆ ನಾನ್ಯಾಕೆ ದುಡ್ಡು ಕೊಡಲಿ’ ಅಂತ ನಕ್ಕುಬಿಟ್ರು.”

“ನಿನ್ನ ಕೈಯಿಂದ ಹಾಕಬಹುದಿತ್ತು. ನನ್ನ ಕೇಳಬಹುದಿತ್ತು.”

“ದುಡ್ಡಲ್ಲ ಅಕ್ಕ!” ಅವನು ತಗಡಿನ ಗೋಡೆಗೆ ಅಂಗೈ ಬಡಿದ. “ದುಡ್ಡು ಹೊಂದಿಸ್ತಿದ್ದೆ. ಆ ಫಲಕ ಇತ್ತಲ್ಲ ಗೇಟಿನಲ್ಲಿ. ದಿನಾ ಯಾರಾದ್ರೂ ನೋಡೋಕೆ ಬರ್ತಿದ್ರು, ಕಾಲೇಜಿನವರು, ಪೇಪರಿನವರು. ಅದರ ಕೆಳಗೇ ಕಸದ ಲಾರಿ ಹೊರಗೆ ಹೋಗೋದನ್ನ ಹೇಗೆ ನೋಡಲಿ? ಫಲಕ ಇಳಿಸೋಕೂ ಆಗಲಿಲ್ಲ, ಲಾರಿ ಕಳಿಸೋಕೂ ಆಗಲಿಲ್ಲ. ನಾಚಿಕೆ ಆಯ್ತು. ಅಂಗಳ ಹೇಗಿದ್ರೂ ತಗ್ಗಿತ್ತು. ಒಳಗೇ ಹಾಕಿ ಮೇಲೆ ಮಣ್ಣು ಎಳೆಸಿದೆ. ಸುಣ್ಣ ತಾನೆ, ಮಣ್ಣಿಗೆ ಮಣ್ಣಾಗುತ್ತೆ ಅಂದ್ಕೊಂಡೆ.”

ಒಂದು ಬುಟ್ಟಿ ಕಸವೂ ಹೊರಗೆ ಹೋಗಿಲ್ಲ. ಫಲಕದ ಮಾತು ಅಕ್ಷರಶಃ ನಿಜವಾಗಿತ್ತು. ಪತ್ತೆಕ್ಕನಿಗೆ ನಗು ಬರಲಿಲ್ಲ.

“ಪ್ಲಂಬರ್ ಬಿದ್ದ ದಿನ ನಿನಗೆ ಗೊತ್ತಾಯ್ತಾ?”

ಅವನು ಪರದೆಯ ಅಂಚನ್ನು ಎಳೆದು ಸರಿಮಾಡಿದ.

“ಪುಟ್ಟ, ಗೊತ್ತಾಯ್ತಾ?”

“ವಾಸನೆ ಬಂದಾಗ ಅನುಮಾನ ಬಂತು. ಓದಿ ನೋಡಿದೆ. ಆಗ ಗೊತ್ತಾಯ್ತು.”

“ಗೊತ್ತಾದ ಮೇಲೂ ಆ ಗುಜರಿಯಮ್ಮನನ್ನ ತೋರಿಸಿದೆ.”

“ನಾನು ಅವಳ ಹೆಸರು ಹೇಳಲಿಲ್ಲ. ಡ್ರಮ್ಮು ನೋಡು ಅಂದೆ, ಅಷ್ಟೇ. ನೀನು ಎರಡು ದಿನ ಹುಡುಕಾಡ್ತೀಯ, ಸಿಗಲ್ಲ, ಬಿಡ್ತೀಯ ಅಂದ್ಕೊಂಡೆ. ಹಾಗೆ ಹೋಗಿ ಜೀಪು ಹತ್ತಿಸಿಬಿಡ್ತೀಯ ಅಂತ ನನಗೇನು ಗೊತ್ತು?” ಅವನು ಅವಳ ಕಡೆ ನೋಡದೆ ಹೇಳಿದ. “ನಾನು ಏನು ಹೇಳಿದರೂ ನಿನಗೆ ಸರಿ. ಮೊದಲಿಂದಲೂ ಹಾಗೇ ತಾನೆ ಅಕ್ಕ.”

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬಾರಿಸಿದವನು ಸುಳ್ಳು ಹೇಳಿರಲಿಲ್ಲ, ಅದೇ ಕಷ್ಟ. ಊರವರ ಮಾತಿಗೆಲ್ಲ ಜರಡಿ ಹಿಡಿಯುತ್ತಿದ್ದವಳು ಇವನ ಮಾತಿಗೆ ಮಾತ್ರ ಬಾಗಿಲು ತೆರೆದಿಟ್ಟಿದ್ದಳು. ಆ ಬಾಗಿಲಿನಿಂದಲೇ ಗುಜರಿಯಮ್ಮ ಜೀಪು ಹತ್ತಿದ್ದಳು. ಸಿಕ್ಕಿಕೊಂಡ ಸೆರಗು ಮತ್ತೆ ಕಣ್ಣ ಮುಂದೆ ಬಂತು.

“ನಡಿ. ಠಾಣೆಗೆ ಹೋಗೋಣ.”

“ಅಕ್ಕ.”

“ಅವನು ಕುಡಿದಿರಲಿಲ್ಲ ಅಂತ ನೀನೇ ಹೇಳಬೇಕು. ಆ ಹೆಂಗಸು ಬೆಂಚಿನ ಮೇಲೆ ಕೂತು ರವಿಕೆ ಹೊಲೀತಿದ್ದಾಳೆ ಕಣೋ. ಈ ಅಂಗಳದ ಮೇಲೆ ನಾಳೆ ಬಸುರಿಯರು ಓಡಾಡಬೇಕು.”

“ಬರ್ತೀನಿ. ಬರಲ್ಲ ಅಂದೆನಾ? ಎರಡು ದಿನ ಕೊಡು.” ಅವನು ಕೈ ಮುಗಿದ. ತಮ್ಮ ತನ್ನೆದುರು ಕೈ ಮುಗಿಯುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ, ನೋಡಲಾಗದೆ ಮುಖ ತಿರುಗಿಸಿದಳು. “ಅಮ್ಮನಿಗೆ ನಾನೇ ಹೇಳಬೇಕು. ಬೇರೆಯವರ ಬಾಯಿಂದ ಕೇಳಿದರೆ ಅಮ್ಮ ತಡೀತಾಳಾ ಹೇಳು. ಬಂದವರನ್ನೆಲ್ಲ ಹಿತ್ತಲಿಗೆ ಕರಕೊಂಡು ಹೋಗಿ, ನನ್ನ ಮಗ ಎತ್ತರಿಸಿಕೊಟ್ಟಿದ್ದು ಅಂತ ತೋರಿಸ್ತಾಳೆ.”

ಹೇಳಿದವನು ಅಲ್ಲೇ ತಡೆದ. ಬಾಯಿ ಅರ್ಧ ತೆರೆದಿತ್ತು. ಕೈ ತಾನಾಗಿಯೇ ಮೇಲೆದ್ದು ಬಲಗಿವಿಗೆ ಹೋಯಿತು.

ಹಿತ್ತಲು.

ಕಳೆದ ವರ್ಷದವರೆಗೆ ಮಳೆ ಬಂದರೆ ಅಮ್ಮನ ಹಿತ್ತಲಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಮಗ ಲಾರಿ ತರಿಸಿ, ತುಂಬಿಸಿ, ಮಟ್ಟಮಾಡಿಸಿ, ನಡುವೆ ಹೊಸ ಚೇಂಬರ್ ಕಟ್ಟಿಸಿ ಕೊಟ್ಟಿದ್ದ. ಸಿಂಕಿನ ಪೈಪು ಬಂದು ಸೇರುವುದು ಆ ಚೇಂಬರಿಗೇ. ಆ ಸಿಂಕಿನ ಪಕ್ಕದ ಹಲಗೆಯ ಮೇಲೆ, ಎಷ್ಟು ತಿಕ್ಕಿದರೂ ಕಪ್ಪಾಗುವ ಲೋಟ.

“ಅಮ್ಮನ ಬೆಳ್ಳಿ ಲೋಟ ಯಾಕೆ ಕಪ್ಪಾಗುತ್ತೆ ಪುಟ್ಟ?”

ಅವನು ಮೇಜಿನ ಮೇಲಿನ ಉಂಗುರವನ್ನೇ ನೋಡುತ್ತಿದ್ದ.

“ಹೇಳೋ! ಹಿತ್ತಲಿಗೂ ಅದನ್ನೇ ತುಂಬಿಸಿದ್ದೀಯಾ?”

“ಇಲ್ಲಿ ಅಂಗಳ ತುಂಬಿ, ಮಿಕ್ಕಿತ್ತು,” ಎಂದ, ಕೇಳಿಸದಷ್ಟು ಮೆಲ್ಲಗೆ. “ರಾತ್ರಿ ಸಾಗಿಸಿದೆ. ಮನೆಗೆ ಹೋಗೋದು ಹೊರಗೆ ಹೋದ ಹಾಗಲ್ಲ ಅನ್ನಿಸ್ತು.”

ಆಸ್ಪತ್ರೆಯ ಬೆಂಚು ಅವಳ ಕಣ್ಣ ಮುಂದೆ ಬಂತು. ‘ಇವತ್ತು ನನ್ನ ಮೈದುನನಿಗೆ ಕೆಲಸಾನೂ ಕೊಟ್ಟಿದ್ದಾರೆ.’

ಪತ್ತೆಕ್ಕ ಫೋನು ತೆಗೆದಳು. ಮೊದಲ ಸಲ ಕರೆ ಬೇರೆ ಯಾರಿಗೋ ಹೋಯಿತು. ಕತ್ತರಿಸಿ ಮತ್ತೆ ಒತ್ತಿದಳು. ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ಅಮ್ಮ ಎತ್ತಿದಳು.

“ಏನೇ, ಕೋಪ ಇಳೀತಾ?”

“ಅಮ್ಮ, ಪ್ಲಂಬರ್ ಬಂದಿದ್ದಾನಾ?”

“ಬಂದಿದ್ದಾನೆ ಕಣೇ. ಪಾಪ, ಎಷ್ಟು ಒಳ್ಳೆಯವನು! ಊಟ ಮಾಡಿ ಕೆಲಸ ಮಾಡಪ್ಪ ಅಂದ್ರೆ, ಕೆಲಸ ಮುಗಿಸಿ ಊಟ ಮಾಡ್ತೀನಿ ಅಮ್ಮ ಅಂದ. ಮುಚ್ಚಳ ತೆಗೆದ ತಕ್ಷಣ ಅಬ್ಬಬ್ಬಾ, ಏನು ನಾತ ಅಂತೀಯ, ಮೊಟ್ಟೆ ಕೊಳೆತ ಹಾಗೆ. ಸ್ವಲ್ಪ ಹೊತ್ತು ಬಗ್ಗಿ ನೋಡ್ತಾ ಕೂತಿದ್ದ. ಈಗ ವಾಸನೆ ಏನೂ ಬರ್ತಿಲ್ಲ ಅಮ್ಮ ಅಂತ ಹೇಳಿ ಇಳಿದ.”

“ಹತ್ತಿಸು! ಅವನನ್ನ ಮೇಲೆ ಹತ್ತೋಕೆ ಹೇಳು! ನೀನು ಹತ್ತಿರ ಹೋಗಬೇಡ, ದೂರದಿಂದ ಕೂಗು!”

“ಯಾಕೆ ಹೀಗೆ ಕಿರುಚ್ತೀಯ? ತಡಿ.” ಚಪ್ಪಲಿಯ ಸದ್ದು. ಅಮ್ಮ ಕೂಗಿದ್ದು ಕೇಳಿಸಿತು. “ಏನಪ್ಪಾ! ಏನಪ್ಪಾ, ಮೇಲೆ ಬರಬೇಕಂತೆ!” ಇನ್ನೊಂದು ಸಲ ಕೂಗಿದಳು. ಅತ್ತ ಕಡೆ ಮರದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು, ಬೇರೆ ಸದ್ದಿರಲಿಲ್ಲ.

ಪತ್ತೆಕ್ಕ ಫೋನನ್ನು ಕಿವಿಯಿಂದ ತೆಗೆಯದೆ ತಮ್ಮನ ಕಡೆ ತಿರುಗಿದಳು. “ಅಗ್ನಿಶಾಮಕದವರಿಗೆ ಫೋನ್ ಮಾಡು. ನಿನ್ನ ಫೋನಿಂದ ಮಾಡು, ಈಗಲೇ! ಚೇಂಬರಿನಲ್ಲಿ ಗ್ಯಾಸು ಅನ್ನು, ಮುಖಕ್ಕೆ ಹಾಕೋದು ತರಬೇಕು ಅನ್ನು!”

ತಮ್ಮ ಜೇಬಿನಿಂದ ಮೊಬೈಲ್ ತೆಗೆದ. ಪರದೆ ಬೆಳಗಿತು. ಹೆಬ್ಬೆರಳು ಅದರ ಮೇಲೆ ನಿಂತಿತು, ಕೆಳಗಿಳಿಯಲಿಲ್ಲ.

“ಅವರು ಬಂದ್ರೆ ಹಿತ್ತಲು ಅಗೀತಾರೆ ಅಕ್ಕ,” ಎಂದ.

“ಉತ್ತರ ಕೊಡ್ತಿಲ್ಲ ಕಣೇ,” ಎನ್ನುತ್ತಿತ್ತು ಇತ್ತ ಕಿವಿಯಲ್ಲಿ ಅಮ್ಮನ ದನಿ. “ತಲೆ ಸುತ್ತು ಬಂತೋ ಏನೋ. ಪಾಪ, ಊಟಾನೂ ಮಾಡಿಲ್ಲ. ನಾನೇ ಬಗ್ಗಿ ಕೈ ಕೊಡ್ತೀನಿ.”

“ಬೇಡಮ್ಮಾ! ಅಮ್ಮಾ!”

ಅಮ್ಮ ಫೋನನ್ನು ಕಲ್ಲಿನ ಮೇಲಿಟ್ಟ ಸದ್ದು ಕೇಳಿಸಿತು.